ಇಪ್ಪತ್ತೆರಡನೇ ಕಮಾನಿನ ಎಂಬತ್ತು

"ಇದರಲ್ಲಿ ಎಷ್ಟು ಅಂತ ಬರೆದಿದೆ, ನೀವೇ ಓದಿ ಮೇಡಂ."

ಆಪರೇಟರ್ ಮಾರಿಸೆಲ್ ಚೀಟಿಯನ್ನು ಮುಂದಕ್ಕೆ ಚಾಚಿದಳು. ಅಂಗೈಯಗಲದ ಹಳದಿ ಕಾಗದ, ಮೇಲೆ ಅರಬ್ಬೀ ಅಂಕಿಗಳು. ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಡಿಕೆಗಳಲ್ಲಿ ಸವೆದು ಹೋಗಿತ್ತು. ಹೆದ್ದಾರಿ ನಿಯಂತ್ರಣ ಕೊಠಡಿಯ ಹಿಂದಿದ್ದ ಪುಟ್ಟ ಚಹಾ ಕೋಣೆಯಲ್ಲಿ, ನೀರು ಕುದಿಯುವ ಸದ್ದನ್ನೇ ಮರೆ ಮಾಡಿಕೊಂಡು ಇಬ್ಬರೂ ನಿಂತಿದ್ದರು.

ಪೊಲೀಸ್ ಕ್ಯಾಪ್ಟನ್ ಮೌಜಾ ಒಂದು ಸಲ ನೋಡಿದಳು. ಎರಡನೇ ಸಲ ನೋಡುವ ಅಗತ್ಯ ಬೀಳಲಿಲ್ಲ.

"ಮೂವತ್ತಮೂರು. ಪಕ್ಕದಲ್ಲಿ ಎಂಬತ್ತು."

ಮಾರಿಸೆಲ್ ಅಂಕಿಯ ಮೇಲೆ ಬೆರಳಿಟ್ಟಳು. "ಅಲ್ಲ ಮೇಡಂ. ಇಪ್ಪತ್ತೆರಡು."

"ಮೂವತ್ತಮೂರು ಕಣಮ್ಮಾ ಇದು."

"ಇಪ್ಪತ್ತೆರಡು! ಹನ್ನೊಂದು ವರ್ಷ ಆಯ್ತು ನಾನು ಮನಿಲಾ ಬಿಟ್ಟು ಬಂದು. ನಾಣ್ಯದ ಮೇಲೆ ಓದ್ತೀನಿ, ಅಂಗಡಿ ಬೋರ್ಡಲ್ಲಿ ಓದ್ತೀನಿ. ನಿಮ್ಮ ಎರಡು ಯಾವುದು, ಮೂರು ಯಾವುದು ಅಂತ ನನಗೆ ಗೊತ್ತಾಗಲ್ವಾ?"

ಮೌಜಾ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಕನ್ನಡದ ೨ಕ್ಕೂ ೩ಕ್ಕೂ ಒಂದು ಸಣ್ಣ ಬಳುಕಿನ ಅಂತರವಿದ್ದಂತೆ ಅರಬ್ಬೀ ಅಂಕಿಗಳಿಗೂ ಇದೆ. ಅಚ್ಚಿನಲ್ಲಿ ಎರಡರ ನೆತ್ತಿಗೆ ಒಂದು ಕಚ್ಚು, ಮೂರರ ನೆತ್ತಿಗೆ ಎರಡು. ಆದರೆ ಕೈಯಲ್ಲಿ ಬರೆಯುವವರು ಅವಸರದಲ್ಲಿ ಮೂರಕ್ಕೆ ಒಂದೇ ಕಚ್ಚು ಹಾಕಿ ಬಿಡುತ್ತಾರೆ. ಎರಡನ್ನು ಕಚ್ಚೇ ಇಲ್ಲದೆ ಕುಡುಗೋಲಿನಂತೆ ಬಗ್ಗಿಸುತ್ತಾರೆ. ಅಮ್ಮನ ಕೈಬರಹ, ಮೇಷ್ಟರ ಕೈಬರಹ ನೋಡಿ ಬೆಳೆದವರಿಗೆ ಇದು ಯೋಚಿಸುವ ವಿಷಯವೇ ಅಲ್ಲ. ನಾಣ್ಯ ನೋಡಿ, ಬೋರ್ಡು ನೋಡಿ ಕಲಿತವರಿಗೆ ಆ ಮೂರು, ಎರಡೇ.

"ಯಾರು ಬರೆದಿದ್ದು?"

"ಇಂಜಿನಿಯರ್ ಸರ್."

"ಯಾವಾಗ?"

ಮಾರಿಸೆಲ್ ಬಾಗಿಲ ಕಡೆ ನೋಡಿದಳು. "ಸೋಮವಾರ ಬೆಳಿಗ್ಗೆ. ಆರು ಮೂವತ್ತೆಂಟಕ್ಕೆ."

ಸೋಮವಾರ ಬೆಳಿಗ್ಗೆ ಆರು ನಲವತ್ತೊಂದಕ್ಕೆ ಉಮ್ ಘಾಫ್ ಹೆದ್ದಾರಿಯ ಇಪ್ಪತ್ತೆರಡನೇ ಕಮಾನಿನ ಕೆಳಗೆ ಹದಿನಾಲ್ಕು ಗಾಡಿ ಒಂದರ ಮೇಲೊಂದು ಬಿದ್ದು ಆರು ಜನ ಸತ್ತಿದ್ದರು. ಎಲ್ಲರ ಮುಂದಿದ್ದ ಶಾಲಾ ಬಸ್ಸಿನ ಚಾಲಕ ಜರ್ವಲಿ ಖಾನ್, ಖಾಲಿ ರಸ್ತೆಯಲ್ಲಿ ಸುಮ್ಮಸುಮ್ಮನೆ ಬ್ರೇಕ್ ಒತ್ತಿದ ಅಂತ ಮೂರು ದಿನದಿಂದ ಲಾಕಪ್ಪಿನಲ್ಲಿದ್ದ. ಇವತ್ತು ಮಧ್ಯಾಹ್ನ ಎರಡಕ್ಕೆ ಅವನ ಕಡತ ಪ್ರಾಸಿಕ್ಯೂಟರ್ ಮೇಜಿಗೆ ಹೋಗಬೇಕು. ಹೋಯಿತೆಂದರೆ ಹೋಯಿತು. ಆಮೇಲೆ ಆರು ಸಾವಿನ ಹೊರೆ ಅವನೊಬ್ಬನ ತಲೆಯ ಮೇಲೆ.

ಈಗ ಗಂಟೆ ಹತ್ತೂವರೆ.

"ಕೂತ್ಕೋ," ಅಂದಳು ಮೌಜಾ. "ಮೊದಲಿಂದ ಹೇಳು."

ಮಾರಿಸೆಲ್ ಕೂರಲಿಲ್ಲ. ನಿಂತೇ, ಪಾಠ ಒಪ್ಪಿಸುವ ಮಕ್ಕಳ ಹಾಗೆ ಒಂದೇ ಉಸಿರಿಗೆ ಹೇಳಿದಳು.

ಉಮ್ ಘಾಫ್ ಹೆದ್ದಾರಿಗೆ ಅಡ್ಡಲಾಗಿ ಕಿಲೋಮೀಟರಿಗೊಂದರಂತೆ ಕಬ್ಬಿಣದ ಕಮಾನುಗಳು ನಿಂತಿವೆ. ಪ್ರತಿ ಕಮಾನಿನ ನೆತ್ತಿಯಲ್ಲೂ ದೀಪದ ಬೋರ್ಡು. ಮಾಮೂಲಿ ದಿನ ನೂರಿಪ್ಪತ್ತು ತೋರಿಸುತ್ತದೆ; ಮಂಜು ಮುಸುಕಿದರೆ ಯಂತ್ರವೇ ಅಳೆದು ಎಂಬತ್ತಕ್ಕೆ ಇಳಿಸುತ್ತದೆ. ಸೋಮವಾರ ಮೂವತ್ತಮೂರನೇ ಕಮಾನಿನ ಬಳಿ ಆ ಮಂಜು ಅಳೆಯುವ ಯಂತ್ರ ಕೆಟ್ಟಿತ್ತು. ಗಸ್ತಿನ ಗಾಡಿಯವರು ಫೋನ್ ಮಾಡಿ ಇಲ್ಲಿ ಕೈ ಮುಂದೆ ಚಾಚಿದರೆ ಬೆರಳು ಕಾಣುತ್ತಿಲ್ಲ ಅಂದರು. ಫೋನ್ ತೆಗೆದುಕೊಂಡ ಇಂಜಿನಿಯರ್ ವಜ್ದಿ ಈ ಚೀಟಿ ಗೀಚಿ ಅವಳ ಮೇಜಿನ ಮೇಲೆ ಒಗೆದರು.

"ಕೈಯಿಂದ ಹಾಕೋವಾಗ ಮೊದಲು ಹಿಂದಿನ ಎರಡು ಕಮಾನಿಗೆ ನೂರು ಹಾಕ್ಬೇಕು ಮೇಡಂ, ಆಮೇಲೆ ಮುಂದಿನದಕ್ಕೆ ಎಂಬತ್ತು. ನಾನು ಕೇಳ್ದೆ, ನೂರು ಹಾಕ್ಲಾ ಸರ್ ಅಂತ. 'ಜನ ಸಾಯ್ತಾರೆ, ಮೊದ್ಲು ಎಂಬತ್ತು ಹಾಕು' ಅಂತ ಕೂಗಿದ್ರು. ಹಾಕ್ದೆ. ಇಪ್ಪತ್ತೆರಡಕ್ಕೆ."

ಮಂಜಿಗೆ ಹನ್ನೊಂದು ಕಿಲೋಮೀಟರ್ ಹಿಂದೆ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿದ್ದ ಕಡೆ.

"ಆಮೇಲೆ?"

"ನಾಲ್ಕೈದು ನಿಮಿಷ ಬಿಟ್ಟು ಸರ್ ದೊಡ್ಡ ಪರದೆ ನೋಡಿದ್ರು. ಬೈಲಿಲ್ಲ. ಎದ್ದೇಳು ಅಂದ್ರು ಅಷ್ಟೆ. ನನ್ನ ಕುರ್ಚೀಲಿ ತಾವೇ ಕೂತು ಏನೇನೋ ಒತ್ತಿದ್ರು. ಮಾರನೇ ದಿನ ದಾಖಲೆ ತೆಗೆದು ನೋಡ್ತೀನಿ, ಇಪ್ಪತ್ತೆರಡರಲ್ಲಿ ನಾನು ಏನೂ ಹಾಕೇ ಇಲ್ಲ. ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ನೂರಿಪ್ಪತ್ತೇ ಇದೆ. ಕನಸು ಕಂಡೆನೇನೋ ಅನ್ನಿಸ್ತು. ಈ ಚೀಟಿ ಕಸದ ಬುಟ್ಟೀಲಿ ಸಿಗದೇ ಇದ್ದಿದ್ರೆ ಹಾಗೇ ನಂಬ್ತಿದ್ದೆ."

ನೀರು ಉಕ್ಕಿ ಒಲೆಯ ಮೇಲೆ ಚೆಲ್ಲಿತು.

"ಮೇಡಂ," ಮಾರಿಸೆಲ್ ದನಿ ಸಣ್ಣದಾಯಿತು, "ಆ ಆರು ಜನನ ನಾನೇ ಕೊಂದೆನಾ?"

ಮೌಜಾ ಒಲೆ ಆರಿಸಿ, ಬಟ್ಟೆ ತೆಗೆದುಕೊಂಡು ಚೆಲ್ಲಿದ ನೀರು ಒರೆಸಿದಳು. ಆಮೇಲೆ ಆ ಹುಡುಗಿಯ ಭುಜದ ಮೇಲೆ ಒಂದು ಗಳಿಗೆ ಕೈ ಇಟ್ಟು ಹೊರಗೆ ಬಂದಳು.

*

ಓಣಿಯ ಕೊನೆಯಲ್ಲಿ ಸಾರ್ಜೆಂಟ್ ಸುಹೈಲ್ ಗೋಡೆಗೊರಗಿ ಖರ್ಜೂರ ತಿನ್ನುತ್ತಿದ್ದ. ಐವತ್ತೈದರ ಮನುಷ್ಯ, ನಿವೃತ್ತಿಗೆ ಎರಡು ವರ್ಷ. ಬೇರೆಯವರ ಮುಂದೆ ಕ್ಯಾಪ್ಟನ್ ಅನ್ನುತ್ತಿದ್ದ, ಇಬ್ಬರೇ ಇದ್ದಾಗ ಅವಳ ಮಗನ ಹೆಸರು ಹಿಡಿದು ಉಮ್ ಸೈಫ್, ಅಂದರೆ ಸೈಫನ ಅಮ್ಮ, ಅನ್ನುತ್ತಿದ್ದ.

"ಏನು ಉಮ್ ಸೈಫ್, ಮುಖ ನೋಡಿದ್ರೆ ಒಂಟೆ ಕಳ್ಕೊಂಡವರ ಹಾಗಿದೆ."

"ಕಳ್ಕೊಂಡಿಲ್ಲ. ಸಿಕ್ಕಿದೆ. ಅದರ ಬಾಲ ಮಾತ್ರ." ಅವಳು ಚೀಟಿಯನ್ನು ತೋರಿಸಿ ನಾಲ್ಕು ಮಾತಲ್ಲಿ ಹೇಳಿದಳು. "ಆದ್ರೆ ಇದು ಚೀಟಿ ಅಷ್ಟೆ. ಬೋರ್ಡಲ್ಲಿ ನಿಜವಾಗ್ಲೂ ಎಂಬತ್ತು ಬಂದಿತ್ತು ಅನ್ನೋಕೆ ಸಾಕ್ಷಿ ಬೇಕು. ದಾಖಲೆ ಅಳಿಸಿದ್ದಾರೆ. ಹಿಂದಿನ ಕಾರುಗಳಲ್ಲಿ ಉಳಿದವರು, ಬೋರ್ಡ್ ನೋಡಿಲ್ಲ ಅಂತಾರೆ. ಬಸ್ಸಲ್ಲಿದ್ದ ಟೀಚರುಗಳೂ ಏನೂ ಗೊತ್ತಿಲ್ಲ ಅಂತಾರೆ."

"ಬೋರ್ಡ್ ಯಾರು ನೋಡ್ತಾರೆ ಬಿಡಿ. ಆಕಾಶ ತಿಳಿಯಾಗಿದ್ರೆ ಕಾಲು ಎಕ್ಸಿಲರೇಟರ್ ಮೇಲೆ, ಕಣ್ಣು ಫೋನಲ್ಲಿ." ಸುಹೈಲ್ ಬೀಜ ಉಗಿದು ನಕ್ಕ. "ಬೋರ್ಡ್ ಅಂದಿದ್ದಕ್ಕೆ ನೆನಪಾಯ್ತು. ನಿನ್ನೆ ಸಂಜೆ, ಊರ ಗಂಡಸರು ಸೇರೋ ಮಜ್ಲಿಸ್‌ನಲ್ಲಿ ನನ್ನ ಷಡ್ಡಕ ಮತ್ತರ್ ನಾಲ್ಕು ಜನರ ಮುಂದೆ ನನ್ನ ಮಾನ ತೆಗೆದ. ನೂರ ಹದಿನೆಂಟರಲ್ಲಿ ಹೋಗ್ತಿದ್ದೆ, ನೂರಿಪ್ಪತ್ತರ ರಸ್ತೆ, ಆದ್ರೂ ನಿಮ್ಮವರು ದಂಡ ಹಾಕಿದ್ದಾರೆ, ನಿಮ್ಮ ಇಲಾಖೇಲಿ ಮಗ್ಗಿ ಬರೋವರು ಯಾರೂ ಇಲ್ವಾ ಅಂತ. ನಾಚಿಕೆಗೆ ಕಾಫಿ ಲೋಟ ಅಲ್ಲಾಡಿಸಿ ಸಾಕು ಅನ್ನೋದೂ ಮರೆತೆ. ಅವರು ಸುರೀತಾನೇ ಇದ್ರು, ನಾನು ಕುಡೀತಾನೇ ಇದ್ದೆ. ಒಂಬತ್ತು ಲೋಟ! ರಾತ್ರಿಯೆಲ್ಲಾ ಗೂಬೆ ಹಾಗೆ..."

ಮೌಜಾ ನಗಲಿಲ್ಲ. "ಎಲ್ಲಿ?"

"ಎಲ್ಲಿ ಏನು?"

"ದಂಡ. ಯಾವ ರಸ್ತೇಲಿ?"

"ಉಮ್ ಘಾಫ್... " ಸುಹೈಲನ ನಗು ಅರ್ಧಕ್ಕೆ ನಿಂತಿತು.

"ಅವರಿಗೆ ಫೋನ್ ಮಾಡಿ. ಬಂದ ಸಂದೇಶ ಇದ್ದ ಹಾಗೇ ಕಳಿಸೋಕೆ ಹೇಳಿ. ಈಗಲೇ."

ಮತ್ತರ್ ಮಹಾಶಯ ಮೊದಲು ಬೈದ, ಆಮೇಲೆ ದಂಡ ಮಾಫಾಗುತ್ತದಾ ಅಂತ ಕೇಳಿದ, ಆಮೇಲೆ ಕಳಿಸಿದ. ಸುಹೈಲ್ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ.

"ಸೋಮವಾರ. ಆರು ಗಂಟೆ ನಲವತ್ತು ನಿಮಿಷ. ಕಮಾನು ಇಪ್ಪತ್ತೆರಡು. ನಿಮ್ಮ ವೇಗ ನೂರ ಹದಿನೆಂಟು. ಮಿತಿ..." ಅವನು ಕನ್ನಡಕ ತೆಗೆದ. "ಮಿತಿ ಎಂಬತ್ತು."

ರಸ್ತೆಯ ಕ್ಯಾಮೆರಾಕ್ಕೆ ಸ್ವಂತ ಬುದ್ಧಿ ಇಲ್ಲ. ತಲೆಯ ಮೇಲಿನ ಬೋರ್ಡು ಎಷ್ಟು ಅನ್ನುತ್ತದೋ ಅದೇ ಅದಕ್ಕೆ ಮಿತಿ. ಬೋರ್ಡಿನ ದಾಖಲೆಯನ್ನು ಈ ಕಟ್ಟಡದಲ್ಲಿ ಕೂತು ಅಳಿಸಬಹುದು. ಪೊಲೀಸ್ ಕ್ಯಾಮೆರಾ ಅಷ್ಟರಲ್ಲಾಗಲೇ ಒಬ್ಬ ಸಿಡುಕ ಮನುಷ್ಯನ ಜೇಬಿಗೆ ಸಂದೇಶ ಕಳಿಸಿಯಾಗಿತ್ತು.

"ಆ ಖಾನ್ ನಿಜಾನೇ ಹೇಳ್ತಿದ್ದ," ಅಂದ ಸುಹೈಲ್ ಮೆಲ್ಲಗೆ. "ಮೂರು ದಿನದಿಂದ ಒಂದೇ ಮಾತು. ಬೋರ್ಡಲ್ಲಿ ಎಂಬತ್ತಿತ್ತು, ಬೋರ್ಡಲ್ಲಿ ಎಂಬತ್ತಿತ್ತು. ನಾವು ನಗ್ತಿದ್ವಿ."

"ನೀವು ಇಲ್ಲೇ ಇರಿ," ಅಂದಳು ಮೌಜಾ. "ಇಂಜಿನಿಯರ್ ಕೋಣೆಗೆ ಯಾರನ್ನೂ ಬಿಡಬೇಡಿ."

*

ಇಂಜಿನಿಯರ್ ವಜ್ದಿ ಎದ್ದು ನಿಂತು ಸ್ವಾಗತಿಸಿದ. ಅಮ್ಮಾನ್ ನಗರದವನು, ಕೂದಲು ನರೆತಿದ್ದರೂ ಕ್ರಾಪು ನೀಟು, ಅಂಗಿಯ ಮಡಿಕೆ ಮುರಿದಿರಲಿಲ್ಲ. ಗುತ್ತಿಗೆ ಕಂಪನಿಯ ಪರವಾಗಿ ಈ ಹೆದ್ದಾರಿಯನ್ನು ಹತ್ತು ವರ್ಷದಿಂದ ಅವನೇ ನೋಡಿಕೊಳ್ಳುತ್ತಿದ್ದ. ಎದುರಿನ ಗಾಜಿನಾಚೆ ಗೋಡೆ ತುಂಬ ಪರದೆಗಳು, ಅದರಲ್ಲಿ ಇರುವೆ ಸಾಲಿನ ಹಾಗೆ ಕಾರುಗಳು.

"ಮತ್ತೆ ಬಂದ್ರಾ ಕ್ಯಾಪ್ಟನ್! ಚಹಾ ಹೇಳ್ಲಾ? ನಮ್ಮೂರಿನ ಸೊಪ್ಪು ಹಾಕಿಸ್ತೀನಿ, ತಲೆನೋವಿಗೆ ಒಳ್ಳೇದು."

"ತಲೆನೋವು ಇದೆ ಅಂತ ಹೇಗೆ ಗೊತ್ತಾಯ್ತು?"

"ಮೂರು ದಿನದಿಂದ ಈ ಕೇಸ್ ಹಿಡಿದು ಕೂತಿದ್ದೀರಿ. ಇರದೇ ಹೇಗೆ?"

ಮೌಜಾ ಕೂತಳು. "ಇವತ್ತು ವಿಚಾರಣೆ ಮಾಡೋಕೆ ಬಂದಿಲ್ಲ. ಒಂದು ಪಾಠ ಹೇಳಿಸಿಕೊಳ್ಳೋಣ ಅಂತ ಬಂದೆ. ಮಂಜು ಬಿದ್ದ ತಕ್ಷಣ ಎಲ್ಲಾ ಕಡೆ ಎಂಬತ್ತು ಹಾಕಿಬಿಟ್ರೆ ಆಗಲ್ವಾ? ಅದೇನು ಮೊದಲು ನೂರು, ಆಮೇಲೆ ಎಂಬತ್ತು?"

ವಜ್ದಿಯ ಕಣ್ಣುಗಳು ಬೆಳಗಿದವು. ತನಗೆ ಪ್ರಿಯವಾದದ್ದನ್ನು ಕೇಳಿದರೆ ಯಾರಿಗೆ ತಾನೆ ಬೆಳಗುವುದಿಲ್ಲ?

"ಮೆಟ್ಟಿಲು ಕ್ಯಾಪ್ಟನ್, ಮೆಟ್ಟಿಲು. ನೂರಿಪ್ಪತ್ತು, ನೂರು, ಎಂಬತ್ತು. ಹೀಗೆ ಇಳಿಸಿದ್ರೆ ಯಾರೂ ಬ್ರೇಕ್ ಒತ್ತಲ್ಲ. ಕಾಲು ಸಡಿಲ ಬಿಡ್ತಾರೆ ಅಷ್ಟೆ. ಎಲ್ಲರೂ ನೂರಿಪ್ಪತ್ತರಲ್ಲಿ ಹೋಗ್ಲಿ, ಪರವಾಗಿಲ್ಲ. ಎಲ್ಲರೂ ಎಂಬತ್ತರಲ್ಲಿ ಹೋಗ್ಲಿ, ಇನ್ನೂ ಒಳ್ಳೇದು. ಒಬ್ಬ ಎಂಬತ್ತು, ಅವನ ಬೆನ್ನಿಗೆ ಇನ್ನೊಬ್ಬ ನೂರಿಪ್ಪತ್ತು ಅಂದ್ರೆ ಮುಗೀತು ಕಥೆ. ಸಂಜೆ ಊರ ಬಾಗಿಲಲ್ಲಿ ಗಾಡಿಗಳು ಸಿಕ್ಕಿಹಾಕಿಕೊಳ್ಳೋಕೆ ಮೊದಲೇ ನಾನು ನೂರಕ್ಕೆ ಇಳಿಸಿಬಿಡ್ತೀನಿ. ನಿಮ್ಮ ಜನ ಬೈತಾರೆ. ಆದ್ರೆ ಇಳಿಸಿದ ದಿನವೇ ಗಂಟೆಗೆ ಹೆಚ್ಚು ಗಾಡಿ ದಾಟೋದು. ಸ್ಟಾಪು-ಸ್ಟಾರ್ಟು, ಸ್ಟಾಪು-ಸ್ಟಾರ್ಟು ಇರಲ್ವಲ್ಲ. ನಿಧಾನ ಹೋದೋನು ಬೇಗ ಮನೆ ಸೇರ್ತಾನೆ."

"ಒಂದು ಮೆಟ್ಟಿಲು ಇಲ್ಲದೇ ಇದ್ರೆ?"

"ಬೀಳ್ತಾರೆ."

"ಸೋಮವಾರ ಬಿದ್ದ ಹಾಗೆ."

ವಜ್ದಿ ತನ್ನ ಚಹಾ ಲೋಟವನ್ನು ತಟ್ಟೆಯ ನಡುವೆ ಸರಿಯಾಗಿ ಇಟ್ಟ. "ಸೋಮವಾರ ಆ ಚಾಲಕ ನಿದ್ದೆ ಮಾಡಿದ. ದಾಖಲೆ ನಿಮ್ಮ ಹತ್ರಾನೇ ಇದೆ."

ಮೌಜಾ ಮತ್ತರನ ಸಂದೇಶವಿದ್ದ ಫೋನನ್ನು ಮೇಜಿನ ಮೇಲೆ ಅವನ ಕಡೆಗೆ ತಿರುಗಿಸಿಟ್ಟಳು. ಅವನು ಓದಿದ. ಮತ್ತೊಮ್ಮೆ ಓದಿದ.

"ಕ್ಯಾಮೆರಾ ದೋಷ," ಅಂದ.

"ಅಂದಾಜಿಗೆ ಎಂಬತ್ತು ಅಂತ ಹೇಳ್ತಾ ಕ್ಯಾಮೆರಾ? ತೊಂಬತ್ತಲ್ಲ, ಎಪ್ಪತ್ತಲ್ಲ, ಸರಿಯಾಗಿ ಎಂಬತ್ತು? ಅದೂ ಅಪಘಾತಕ್ಕೆ ಒಂದು ನಿಮಿಷ ಮುಂಚೆ?"

"ಯಂತ್ರ ಅಂದ್ಮೇಲೆ..."

"ಇಂಜಿನಿಯರ್ ಸಾಹೇಬ್ರೇ, ಒಂದು ಸಣ್ಣ ಸಹಾಯ. ಈ ಕಾಗದದ ಮೇಲೆ ಮೂವತ್ತಮೂರು ಅಂತ ಬರೀರಿ. ಅಂಕಿಯಲ್ಲಿ."

ಅವನು ಅವಳ ಮುಖ ನೋಡಿದ, ಏನೂ ಅರ್ಥವಾಗದೆ ಪೆನ್ನು ತೆಗೆದು ಎರಡು ಸಲ ಸರ್ರೆಂದು ಎಳೆದ. ಒಂದೊಂದೇ ಕಚ್ಚಿನ ಎರಡು ಮೂರುಗಳು.

ಮೌಜಾ ಹಳದಿ ಚೀಟಿಯನ್ನು ಅದರ ಪಕ್ಕಕ್ಕೆ ಇಟ್ಟಳು. ಒಂದು ನಾಣ್ಯ ತೆಗೆದು, ಎರಡರ ಅಂಕಿ ಇದ್ದ ಮುಖ ಮೇಲೆ ಮಾಡಿ, ಅದರ ಪಕ್ಕಕ್ಕೆ ಸರಿಸಿದಳು.

"ಈಗ ನಾಣ್ಯದ ಮೇಲಿರೋದನ್ನ ನೋಡಿ. ಆಮೇಲೆ ನೀವು ಬರೆದಿದ್ದನ್ನ ನೋಡಿ. ಅರಬ್ಬಿ ಶಾಲೆಗೆ ಹೋಗದೇ ಇರೋ ಒಬ್ಬ ಹೆಣ್ಣುಮಗಳ ಕಣ್ಣಿಂದ ನೋಡಿ."

ಗಾಜಿನಾಚೆ ಯಾರೋ ಫೋನಲ್ಲಿ ನಗುತ್ತಿದ್ದರು. ವಜ್ದಿಯ ಬೆರಳು ಚೀಟಿಯ ಮೇಲಿನ ಅಂಕಿಯನ್ನು ಮುಟ್ಟಿತು, ನಾಣ್ಯವನ್ನು ಮುಟ್ಟಿತು, ಮತ್ತೆ ಚೀಟಿಗೆ ಬಂತು.

"ಅವಳ ತಪ್ಪು ಅಂದ್ಕೊಂಡಿದ್ದೆ," ಅಂದ ಕೊನೆಗೆ. ದನಿಯಲ್ಲಿ ಇಸ್ತ್ರಿ ಮುರಿದಿತ್ತು. "ದೇವರಾಣೆ, ಇಷ್ಟು ದಿನವೂ... ಆ ಹುಡುಗಿ ಅಜಾಗರೂಕತೆಯಿಂದ ಒತ್ತಿದ್ದು ಅಂತ. ಬೈಯೋದು ಬೇಡ, ಹೆದರ್ತಾಳೆ ಅಂತ ಸುಮ್ಮನಿದ್ದೆ. ನಾನೇ ದೊಡ್ಡ ಮನಸ್ಸು ಮಾಡಿದ್ದೀನಿ ಅಂದ್ಕೊಂಡಿದ್ದೆ."

"ದಾಖಲೆ ಅಳಿಸಿದ್ದೂ ದೊಡ್ಡ ಮನಸ್ಸಿಂದಾನೇ?"

ಅವನು ತಲೆ ಎತ್ತಿದ. "ನಗಬೇಡಿ ಕ್ಯಾಪ್ಟನ್. ಹತ್ತು ವರ್ಷ. ಬೋರ್ಡ್ ನೋಡಿ, ಬೋರ್ಡ್ ನಂಬಿ ಅಂತ ಹತ್ತು ವರ್ಷದಿಂದ ಬಡ್ಕೊಂಡಿದ್ದೀನಿ. ಈಗೀಗ ಸ್ವಲ್ಪ ಜನ ನಂಬ್ತಿದ್ದಾರೆ. ತಿಳಿ ಆಕಾಶದಲ್ಲಿ ಬೋರ್ಡು ಸುಳ್ಳು ಹೇಳ್ತು, ಆರು ಜನ ಸತ್ರು ಅಂತ ಪೇಪರಲ್ಲಿ ಬಂದ್ರೆ? ಮುಂದಿನ ಮಂಜಲ್ಲಿ ಯಾರು ಕಾಲು ತೆಗೀತಾರೆ? ಆರಲ್ಲ, ಅರವತ್ತು ಜನ ಸಾಯ್ತಾರೆ. ನಾನು ನನ್ನ ಕೆಲಸ ಉಳಿಸಿಕೊಳ್ಳೋಕೆ ಮಾತ್ರ ಮಾಡಿದ್ದಲ್ಲ."

ಅವನ ಮಾತಿನಲ್ಲಿ ನಿಜವಿತ್ತು. ಅದೇ ಮೌಜಾಗೆ ಸಂಕಟವಾಯಿತು. ಪೂರ್ತಿ ಕೆಟ್ಟವನ ಮುಂದೆ ಕೂರುವುದು ಸುಲಭ.

"ಸೋಮವಾರ ಆ ರಸ್ತೇಲಿ ಹದಿನಾಲ್ಕು ಗಾಡಿ ಇದ್ವು," ಅಂದಳು. "ನಿಮ್ಮ ಬೋರ್ಡನ್ನ ನಂಬಿದವನು ಒಬ್ಬನೇ. ಅವನನ್ನ ಲಾಕಪ್ಪಿಗೆ ಹಾಕಿದ್ದೀವಿ. ಅವನಿಗೆ ಏನು ಹೇಳೋಣ, ಹೇಳಿ."

ವಜ್ದಿ ಮೇಜಿನ ಖಾನೆ ಎಳೆದು ಹೇಳಿಕೆ ಬರೆಯಲು ಬಿಳಿ ಹಾಳೆ ತೆಗೆದ. ಈ ಸಲ ಸಮಯವನ್ನೂ ಕಮಾನಿನ ಸಂಖ್ಯೆಯನ್ನೂ ಅಂಕಿಯಲ್ಲಿ ಬರೆಯಲಿಲ್ಲ. ಒಂದೊಂದು ಅಕ್ಷರ ಬಿಡಿಸಿ ಪದಗಳಲ್ಲಿ ಬರೆದ.

*

ಠಾಣೆ ಮುಟ್ಟಿದಾಗ ಗಂಟೆ ಒಂದೂಕಾಲು. ಕಾರಿನಿಂದಲೇ ಮೌಜಾ ತನ್ನ ಮೇಲಧಿಕಾರಿ ಕರ್ನಲ್‌ಗೆ ಎಲ್ಲವನ್ನೂ ಹೇಳಿ ಮುಗಿಸಿದ್ದಳು. ಕರ್ನಲ್ ಹೆಚ್ಚು ಮಾತಿನವರಲ್ಲ. "ಬೋರ್ಡಲ್ಲಿ ಎಂಬತ್ತಿತ್ತು, ಅದನ್ನ ನೋಡಿ ನಿಧಾನ ಮಾಡಿದೆ ಅಂತ ಚಾಲಕನ ಸಹಿ ತಗೊಂಡು ಬಾ. ಇಂಜಿನಿಯರ್ ಹೇಳಿಕೆ ಜೊತೆ ಇಟ್ಟು ಕಳಿಸ್ತೀನಿ. ಸಂಜೆಗೆ ಅವನು ಮನೇಲಿರ್ತಾನೆ."

ಜರ್ವಲಿ ಖಾನ್ ಎದ್ದು ನಿಂತ. ಪೇಶಾವರದ ಕಡೆಯ ಎತ್ತರದ ಆಳು, ಐವತ್ತರ ಆಚೆ. ಉಮ್ ಘಾಫ್ ಹೆಣ್ಣುಮಕ್ಕಳ ಶಾಲೆಗೆ ಹನ್ನೊಂದು ಜನ ಟೀಚರುಗಳನ್ನು ದಿನಾ ನಗರದಿಂದ ಕರೆದೊಯ್ಯುವ ಕೆಲಸ ಎಂಟು ವರ್ಷದಿಂದ ಅವನದೇ. ಮೂರು ದಿನಕ್ಕೆ ಗಡ್ಡ ಇನ್ನಷ್ಟು ಬೆಳ್ಳಗಾಗಿತ್ತು.

"ಕೂತ್ಕೊಳ್ಳಿ ಖಾನ್. ಒಳ್ಳೇ ಸುದ್ದಿ ಇದೆ." ಮೌಜಾಗೆ ತನ್ನ ದನಿ ತನಗೇ ಹಗುರವಾಗಿ ಕೇಳಿಸಿತು. "ಬೋರ್ಡಲ್ಲಿ ಎಂಬತ್ತಿತ್ತು. ಸಾಕ್ಷಿ ಸಿಕ್ಕಿದೆ."

ಅವನು ನಂಬಲಾರದೆ ನೋಡಿದ. "ಇತ್ತಾ?"

"ಇತ್ತು. ನಿಮ್ಮನ್ನ ನಂಬದೇ ಇದ್ದದ್ದಕ್ಕೆ ಕ್ಷಮಿಸಿ."

ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಅಗಲವಾದ ಭುಜಗಳು ಅಲುಗಿದವು. ಮೌಜಾ ನೀರಿನ ಬಾಟಲಿ ಮುಂದಿಟ್ಟು ಕಾದಳು. ಆಮೇಲೆ ತಾನೇ ಬರೆದ ಹಾಳೆಯನ್ನು ಅವನಿಗೆ ಅರ್ಥವಾಗುವ ಮಾತಲ್ಲಿ ಓದಿದಳು. ಮೇಜಿನ ಮೇಲೆ ಇನ್ನೊಂದು ಹಾಳೆಯೂ ಇತ್ತು. ಮೊದಲ ದಿನ ಬೇರೆ ಅಧಿಕಾರಿ ಸಿದ್ಧಮಾಡಿದ್ದು: ನಿದ್ದೆಗೆ ಜಾರಿದೆ, ಬೆಚ್ಚಿ ಬ್ರೇಕ್ ಒತ್ತಿದೆ, ತಪ್ಪು ನನ್ನದು. ಜರ್ವಲಿ ಅದಕ್ಕೆ ಸಹಿ ಹಾಕಲು ಒಪ್ಪಿರಲಿಲ್ಲ.

"ಇಲ್ಲಿ ಸಹಿ ಮಾಡಿ. ಅಷ್ಟೆ."

ಅವನು ಪೆನ್ನು ತೆಗೆದುಕೊಂಡ. ಹಾಳೆಯ ಹತ್ತಿರ ತಂದ. ನಿಲ್ಲಿಸಿದ.

"ಏನಂತ ಓದಿದ್ರಿ? 'ನನ್ನ ಕಣ್ಣಾರೆ ನೋಡಿದೆ' ಅಂತ ಇದೆಯಾ?"

"ಹೌದು."

"ಅದನ್ನ ಬಿಟ್ಟು ಬರೆಯೋಕೆ ಆಗಲ್ವಾ ಮೇಡಂ?"

"ಅದೇ ಮುಖ್ಯ ಖಾನ್. ನೋಡಿದ್ರಿಂದ ತಾನೇ ನಿಧಾನ ಮಾಡಿದ್ದು?"

ಅವನು ಪೆನ್ನು ಕೆಳಗಿಟ್ಟ. ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡ. ತಲೆ ಎತ್ತಿದಾಗ ಅವಳನ್ನು ಮೇಡಂ ಅನ್ನಲಿಲ್ಲ.

"ತಂಗೀ, ಬೋರ್ಡಲ್ಲಿ ಎಂಬತ್ತಿತ್ತು ಅಂತ ನೂರು ಸಲ ಹೇಳಿದ್ದೀನಿ. ನಾನು ನೋಡಿದೆ ಅಂತ ಒಂದು ಸಲವೂ ಹೇಳಿಲ್ಲ. ನಂಬದೇ ಇರೋರ ಮುಂದೆ ಅರ್ಧ ಮಾತು ಹೇಳಿ ದಕ್ಕಿಸಿಕೊಂಡೆ. ನೀನು ನಂಬಿಬಿಟ್ಟೆ. ಈಗ ಹೇಗೆ ಹೇಳ್ಲಿ?"

ಮೌಜಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಬಸ್ಸು ಓಡಿಸ್ತಿದ್ದದ್ದು ನಾನಲ್ಲ," ಅಂದ ಜರ್ವಲಿ.

ಅವನು ಹೇಳಿದ್ದು ಇಷ್ಟು. ಆ ಬೆಳಿಗ್ಗೆ ಪೆಟ್ರೋಲ್ ಬಂಕಿನ ಹತ್ತಿರ ಎದೆಯಲ್ಲಿ ಕಲ್ಲಿಟ್ಟ ಹಾಗೆ ನೋವು ಬಂತು, ಎಡಗೈ ಮರಗಟ್ಟಿತು. ಆಂಬುಲೆನ್ಸ್ ಬೇಡ ಅಂತ ಅವನೇ ಅಂಗಲಾಚಿದ. ಎದೆ ಕೆಟ್ಟ ಚಾಲಕನಿಗೆ ಯಾರು ಬಸ್ಸು ಕೊಡುತ್ತಾರೆ? ಟೀಚರುಗಳಲ್ಲಿ ಒಬ್ಬಳು, ಊರಲ್ಲಿ ಅಪ್ಪನ ಲಾರಿ ಓಡಿಸಿ ಗೊತ್ತಿದ್ದವಳು, ಅವನನ್ನು ಹಿಂದಿನ ಸೀಟಲ್ಲಿ ಮಲಗಿಸಿ ತಾನೇ ಸ್ಟಿಯರಿಂಗ್ ಹಿಡಿದಳು. ಉಮ್ ಘಾಫಿನ ಆಸ್ಪತ್ರೆಗೆ ಮುಟ್ಟಿಸುತ್ತೇನೆ ಅಂದಳು. ಬೋರ್ಡಲ್ಲಿ ಎಂಬತ್ತು ಬಂತು ಅಂತ ಅವಳೇ ಕೂಗಿ ಹೇಳಿದಳು. ಅವಳು ಎಂಬತ್ತಕ್ಕೆ ಇಳಿಸಿದಳು. ಬಸ್ಸಿನ ಲೈಸೆನ್ಸ್ ಇಲ್ಲದವಳು ಕಾನೂನು ಮೀರಬಾರದು ಅಂತ, ಅಕ್ಷರಶಃ ಎಂಬತ್ತಕ್ಕೆ.

"ಡಿಕ್ಕಿ ಆದ್ಮೇಲೆ ಎಲ್ಲಾ ಟೀಚರುಗಳೂ ಸೇರಿ ನನ್ನ ಎತ್ತಿ ಮುಂದಿನ ಸೀಟಲ್ಲಿ ಕೂರಿಸಿದ್ರಾ?" ಅವಳು ಕೇಳಬೇಕಾದ ಪ್ರಶ್ನೆಯನ್ನು ಅವನೇ ಕೇಳಿಕೊಂಡು ತಲೆಯಲ್ಲಾಡಿಸಿದ. "ಇಲ್ಲ. ನಾನೇ ಹೋಗಿ ಕೂತೆ. ಅವಳನ್ನ ಎಬ್ಬಿಸಿ ಕೂತೆ."

"ಯಾರು ಅವಳು?"

"ಅದೊಂದು ಕೇಳಬೇಡ."

"ಖಾನ್! ಅವಳ ತಪ್ಪಿಲ್ಲ. ಅವಳು ಬೋರ್ಡಿನ ಮಾತು ಕೇಳಿದ್ದಾಳೆ."

"ಲೈಸೆನ್ಸ್ ಇಲ್ದೆ, ಆರು ಜನ ಸತ್ತ ಅಪಘಾತದ ಬಸ್ಸು ಓಡಿಸಿದ್ದಾಳೆ. ಶಾಲೆಯವರು ಇಟ್ಕೋತಾರಾ? ವೀಸಾ ಉಳಿಯುತ್ತಾ? ಅವಳ ಊರಲ್ಲಿ ಯುದ್ಧ ನಡೀತಿದೆ. ಮನೆ ಇದ್ದ ಬೀದಿಯೇ ಇಲ್ಲ. ಎರಡು ಪುಟ್ಟ ಮಕ್ಕಳು." ಅವನು ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡ. "ಈ ಜೀವ ಅವಳು ಉಳಿಸಿದ್ದು. ಈ ಕೇಸನ್ನ ಅವಳ ಮಕ್ಕಳ ತಲೆ ಮೇಲೆ ಎಳೆದು ಹಾಕ್ಲಾ?"

ಗಂಟೆ ಒಂದು ಐವತ್ತು. ಮೌಜಾ ತನ್ನ ಹಾಳೆಯನ್ನು ನೋಡಿದಳು. ಒಂದು ಸುಳ್ಳು ಸಾಲು, ಒಂದು ಸಹಿ, ಸಂಜೆಗೆ ಈ ಮನುಷ್ಯ ಮನೆಯಲ್ಲಿ. ಆ ಸಾಲನ್ನು ಓದಿ ಸಹಿ ಮಾಡಿ ಅಂತ ಇನ್ನೊಮ್ಮೆ ಹೇಳುವುದು ಎಷ್ಟು ಸುಲಭ. ನಾಲಿಗೆಯ ತುದಿಗೂ ಬಂದಿತ್ತು.

ಬಾಗಿಲು ಬಡಿದು ಸುಹೈಲ್ ತಲೆ ಹಾಕಿದ. ಮುಖದಲ್ಲಿ ತಮಾಷೆ ಇರಲಿಲ್ಲ.

"ಕ್ಯಾಪ್ಟನ್, ಹೊರಗೆ ಒಬ್ಬರು ಟೀಚರ್ ಬಂದು ಕೂತಿದ್ದಾರೆ. ಸುಡಾನಿನವರು. ಎರಡು ಮಕ್ಕಳನ್ನೂ ಕರ್ಕೊಂಡು ಬಂದಿದ್ದಾರೆ. ನಿಮ್ಮ ಹತ್ರಾನೇ ಹೇಳ್ಬೇಕಂತೆ, ಬೇರೆ ಯಾರ ಹತ್ರಾನೂ ಹೇಳಲ್ವಂತೆ."

ಮೌಜಾ ಬಾಗಿಲ ಕಡೆ ತಿರುಗಿದ್ದು ಒಂದೇ ಕ್ಷಣ.

ಕಾಗದ ಸರಿದ ಸದ್ದು ಕೇಳಿ ಅವಳು ಹಿಂತಿರುಗುವ ಹೊತ್ತಿಗೆ, ಜರ್ವಲಿ ಖಾನ್ ಮೊದಲ ದಿನದ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು, ನಿದ್ದೆಗೆ ಜಾರಿದೆ, ತಪ್ಪು ನನ್ನದು ಅನ್ನುವ ಸಾಲಿನ ಕೆಳಗೆ ದಪ್ಪ ಅಕ್ಷರದಲ್ಲಿ ಸಹಿ ಮಾಡಿ ಮುಗಿಸಿದ್ದ.

"ಈಗ ಅವಳನ್ನ ಒಳಗೆ ಕರೀರಿ," ಅಂದ.